ಎಂಬತ್ತೆರಡು ಪರ್ಸೆಂಟಿನ ಬಿಳಿ ಪುಡಿ

ಪದಕದ ಮೇಡಂ ತಾನು ಪಾಠ ಹೇಳುತ್ತಿದ್ದ ರಸಾಯನಶಾಸ್ತ್ರ ವಿಭಾಗದಲ್ಲಿ ಒಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ಎಂ.ಎಸ್ಸಿ.ಯಲ್ಲಿ ಎಲ್ಲರಿಗಿಂತ ಮುಂದೆ ಬಂದು ಕೊರಳಿಗೆ ಚಿನ್ನದ ಪದಕ ಹಾಕಿಸಿಕೊಂಡವಳು, ಅದೇ ವಿಭಾಗಕ್ಕೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿ, ವಿಭಾಗದ ಮುಖ್ಯಸ್ಥರಾದ ಹೆಡ್ ಸಾರ್ ಕೃಪೆಯಿಂದ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತಿದ್ದಳು. ‘ಪದಕದ ಮೇಡಂ’ ಎಂಬ ಹೆಸರು ಇಟ್ಟದ್ದು ವಿದ್ಯಾರ್ಥಿಗಳು. ಅವರು ಗೇಲಿಗೆ ಇಟ್ಟದ್ದನ್ನು ಇವಳು ಗೌರವವೆಂದೇ ತಿಳಿದು ಹಾಗೆ ಕರೆದವರಿಗೆಲ್ಲ ತಲೆಯಾಡಿಸುತ್ತಿದ್ದಳು.

ಆ ಪ್ರಯೋಗಶಾಲೆಯನ್ನು ಒಮ್ಮೆ ನೋಡಿದವರಿಗೆ ಅವಳ ತಿರಸ್ಕಾರ ತಪ್ಪೆನ್ನಲು ಬಾಯಿ ಬರುತ್ತಿರಲಿಲ್ಲ. ಆಸಿಡ್ ಬಿದ್ದು ಬಿದ್ದು ಬಣ್ಣಗೆಟ್ಟ ಬೆಂಚುಗಳು, ಎಷ್ಟು ತಿರುಗಿಸಿದರೂ ಒಸರುವ ನಲ್ಲಿಗಳು. ಕೆಟ್ಟ ಹೊಗೆ ಎಳೆದು ಹೊರಗೆ ಹಾಕಬೇಕಾದ ಗಾಜಿನ ಗೂಡಿನ ಫ್ಯಾನು ಯಾವ ಕಾಲದಲ್ಲೋ ಕೆಟ್ಟಿತ್ತು. ಈಗ ಅಟೆಂಡರ್ ಅದರೊಳಗೆ ತನ್ನ ಊಟದ ಡಬ್ಬಿ ಮತ್ತು ಛತ್ರಿ ಇಡುತ್ತಿದ್ದ. ಮೂಲೆಯಲ್ಲೊಂದು ಬೀರು. ಅದರ ಬಾಗಿಲಿನ ಒಳಮೈಯಲ್ಲಿ ಅವತ್ತಿನ ಪ್ರಯೋಗದ ಉತ್ತರ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಬಾಟಲಿಯ ದ್ರಾವಣ ಎಷ್ಟು ಗಟ್ಟಿ ಎಂಬುದನ್ನು ಹುಡುಗರು ಹನಿ ಹನಿಯಾಗಿ ಬಿಟ್ಟು, ಬಣ್ಣ ತಿರುಗುವ ಗಳಿಗೆ ಹಿಡಿದು, ತಾವೇ ಕಂಡುಕೊಳ್ಳಬೇಕು ಎಂಬುದು ಪಾಠ. ಹುಡುಗರೋ, ಏನೋ ತೆಗೆದುಕೊಳ್ಳಲು ಹೋದವರ ಹಾಗೆ ಬೀರುವಿನ ಬಾಗಿಲು ತೆರೆದು, ಉತ್ತರ ನೋಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದು ಕ್ಯಾಂಟೀನಿಗೆ ಹೋಗುತ್ತಿದ್ದರು. ಮೇಷ್ಟ್ರುಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವರೂ ಅದೇ ಬಾಗಿಲು ತೆರೆದು ಪಾಸಾದವರು.

ಮೇಡಂ ಮಾತ್ರ ಓದುವಾಗಲೂ ಆ ಬೀರುವಿನ ಸುದ್ದಿಗೆ ಹೋಗಿರಲಿಲ್ಲ. ಅವಳ ಕೈ ಅಷ್ಟು ಚೊಕ್ಕ. ಎರಡು ಸಲ ಮಾಡಿದರೆ ಎರಡು ಸಲವೂ ಒಂದೇ ರೀಡಿಂಗ್, ಅದೂ ಬಾಗಿಲಿನ ಹಿಂದಿನ ಉತ್ತರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ. ಹಾಗಾಗಿ ಬೀರು ತೆರೆಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಕಾಲು ಚಾಚಿ ಮಲಗುವ ಹಿರಿಯ ಉಪನ್ಯಾಸಕ, ಇಪ್ಪತ್ತು ವರ್ಷದ ಹಿಂದಿನ ನೋಟ್ಸನ್ನೇ ಇವತ್ತಿಗೂ ಹೇಳಿ ಬರೆಸುವ ಅವನ ಪಕ್ಕದವಳು, ಇಡೀ ಜನ್ಮಕ್ಕೆ ಒಂದೇ ಒಂದು ಸಂಶೋಧನಾ ಪ್ರಬಂಧ ಬರೆದು ಅದರ ಹೆಸರಿನಲ್ಲೇ ಕುರ್ಚಿ ಹಿಡಿದ ಹೆಡ್ ಸಾರ್, ಎಲ್ಲರೂ ಅವಳ ಕಣ್ಣಿಗೆ ಒಂದೇ ತಕ್ಕಡಿಯವರು.

ಇಂಥವರ ನಡುವೆ ಇರಬೇಕಾದವಳಲ್ಲ ತಾನು ಎಂಬುದನ್ನು ಅವಳು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದಳು. ಹೊರದೇಶಕ್ಕೆ ಹೋಗಬೇಕು, ದೊಡ್ಡ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡಬೇಕು. ಎರಡು ವರ್ಷ ಅರ್ಜಿ ಹಾಕಿದ್ದಳು; ಎರಡು ವರ್ಷವೂ ಎಲ್ಲ ಕಡೆಯಿಂದ ನಯವಾದ ಭಾಷೆಯಲ್ಲಿ ‘ವಿಷಾದಿಸುತ್ತೇವೆ’ ಎಂದು ಬಂದಿತ್ತು. ಈಗ ಮೂರನೆಯ ಸಲ. ಮುಂದಿನ ವರ್ಷದಿಂದ ಡಾಕ್ಟರೇಟ್ ಇಲ್ಲದವರನ್ನು ಪಾಠಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ಕಾಲೇಜು ಹೇಳಿಯಾಗಿತ್ತು. ಈ ಸಲವೂ ಆಗದಿದ್ದರೆ ಅವಳಿಗೆ ಉಳಿದದ್ದು ಹೆಡ್ ಸಾರ್ ಹತ್ತಿರವೇ ಪಿಎಚ್.ಡಿ.ಗೆ ಸೇರಿ, ಅವರ ಬ್ಯಾಗು ಹಿಡಿದು, ಅವರ ಮಗಳಿಗೆ ಟ್ಯೂಷನ್ ಹೇಳಿಕೊಡುವ ದಾರಿ.

ಅರ್ಜಿಗೆ ಬೇಕಾದ ‘ನನ್ನ ಉದ್ದೇಶ’ ಎಂಬ ಬರಹವನ್ನು ತಿದ್ದಿಸಲು ಅಕ್ಕನ ಗಂಡ ಅವಳನ್ನು ವಿದೇಶಿ ವ್ಯಾಸಂಗದ ಸಲಹೆಗಾರನೊಬ್ಬನ ಹತ್ತಿರ ಕರೆದುಕೊಂಡು ಹೋದ. ಮೊಬೈಲ್ ಅಂಗಡಿಯ ಮೇಲಿನ ಸಣ್ಣ ಕೋಣೆ. ಗೋಡೆ ತುಂಬ ವಿಮಾನದ ಚಿತ್ರಗಳು, ಸೂಟ್‌ಕೇಸ್ ಹಿಡಿದು ಹಲ್ಲು ಕಿರಿಯುವವರ ಫೋಟೋಗಳು. ಹುಟ್ಟಿದಾಗಿನಿಂದ ಒಂದು ಟೆಸ್ಟ್‌ಟ್ಯೂಬನ್ನೂ ಮುಟ್ಟಿರದ ಆ ಸಲಹೆಗಾರ ಅವಳ ಬರಹದ ಮೇಲೆ ಕಣ್ಣಾಡಿಸಿ ಹುಬ್ಬು ಗಂಟಿಕ್ಕಿದ.

‘ಇದ್ರಲ್ಲಿ ನೋವೇ ಇಲ್ವಲ್ಲ ಮೇಡಂ. ನಿಮ್ಮ ಅಜ್ಜ ಕಾಯಿಲೆ ಬಂದು ತೀರ್ಕೊಂಡ್ರು, ಅವತ್ತೇ ನೀವು ಔಷಧಿ ಕಂಡುಹಿಡೀಬೇಕು ಅಂತ ತೀರ್ಮಾನ ಮಾಡಿದ್ರಿ ಅಂತ ಶುರು ಮಾಡಿ.’

‘ನಮ್ಮ ಅಜ್ಜ ಗಟ್ಟಿಮುಟ್ಟಾಗಿದ್ದಾರೆ.’

‘ಇರ್ಲಿ ಬಿಡಿ. ಅವರಿಗೇನು ಓದಿ ಹೇಳ್ತೀವಾ?’

ಮೇಡಂ ಕಾಗದ ಕಿತ್ತುಕೊಂಡು ಮೆಟ್ಟಿಲಿಳಿದಳು. ಸ್ನಾನದ ಮನೆಯ ನಲ್ಲಿ, ಟೈಲ್ಸು ಮಾರುವ ಭಾವ ಹಿಂದಿನಿಂದ ಏದುಸಿರು ಬಿಡುತ್ತ ಬಂದು ಕೇಳಿದ:

‘ಅಲ್ಲಮ್ಮಾ, ಐದು ವರ್ಷ ಅಲ್ಲಿ ಕೂತು ಏನು ಕಂಡುಹಿಡೀತೀಯ ಅಂತಾದ್ರೂ ಹೇಳು.’

‘ಅದು ಮೊದಲೇ ಗೊತ್ತಿದ್ರೆ ಹೋಗೋದು ಯಾಕೆ ಭಾವ?’ ಎಂದಳು. ನಲ್ಲಿ ಮಾರುವವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂಬ ಧಾಟಿ ಅದು. ಭಾವ ಗಾಡಿ ತೆಗೆದ.

ಇನ್ನು ಶಿಫಾರಸು ಪತ್ರಗಳು. ಮೂವರು ಗುರುಗಳು ಅವಳ ಬಗ್ಗೆ ಗುಟ್ಟಾಗಿ ಬರೆದು ನೇರವಾಗಿ ಆ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು, ಅವಳ ಕಣ್ಣಿಗೆ ಅದು ಬೀಳಕೂಡದು ಎಂಬುದು ಆ ಕಡೆಯವರ ನಿಯಮ. ಈ ಕಡೆಯವರ ಪದ್ಧತಿ ಬೇರೆ. ಹೆಡ್ ಸಾರ್ ಕನ್ನಡಕ ತೆಗೆಯದೆಯೇ ಹೇಳಿದರು:

‘ನೀನೇ ಬರ್ಕೊಂಡುಬಿಡಮ್ಮಾ. ನಿನ್ನ ಬಗ್ಗೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಪಾಸ್‌ವರ್ಡ್ ಕೊಡ್ತೀನಿ, ನನ್ನ ಇಮೇಲಿಂದಲೇ ಕಳಿಸ್ಕೋ.’

ಉಳಿದಿಬ್ಬರೂ ಇಷ್ಟೇ ಧಾರಾಳಿಗಳು. ಮೇಡಂ ಅವರ ಸೋಮಾರಿತನಕ್ಕೆ ಮನಸ್ಸಿನಲ್ಲೇ ಉಗಿದು, ಮೂವರ ಕುರ್ಚಿಯಲ್ಲೂ ಸರದಿಯಂತೆ ಕೂತು ತನ್ನನ್ನು ತಾನೇ ಹೊಗಳಿಕೊಂಡಳು. ಒಂದರಲ್ಲಿ ತಾನು ಅಪರೂಪದ ಪ್ರತಿಭೆ, ಇನ್ನೊಂದರಲ್ಲಿ ಪ್ರಾಮಾಣಿಕತೆಯ ಮಾದರಿ. ಮೂರನೆಯದನ್ನು ಮುಗಿಸಿ ಓದಿಕೊಂಡಾಗ, ಗುರುಗಳು ತನ್ನ ಮೇಲಿಟ್ಟ ಅಭಿಮಾನಕ್ಕೆ ಅವಳ ಕಣ್ಣೇ ಒದ್ದೆಯಾಯಿತು.

ಅರ್ಜಿಯ ಜೀವಾಳವೆಂದು ಅವಳು ಮುಂದಿಟ್ಟದ್ದು ತನ್ನ ಎಂ.ಎಸ್ಸಿ. ಪ್ರಾಜೆಕ್ಟನ್ನು. ಅದರ ಕತೆ ಹೀಗೆ. ಹೆಡ್ ಸಾರ್ ಬರೆದ ಆ ಒಂದೇ ಪ್ರಬಂಧದಲ್ಲಿ ಒಂದು ವಸ್ತುವನ್ನು ತಯಾರಿಸುವ ವಿಧಾನವಿತ್ತು. ಎರಡು ಪುಡಿಗಳನ್ನು ದ್ರಾವಕದಲ್ಲಿ ಹಾಕಿ, ಚಿಟಿಕೆ ತಾಮ್ರದ ಲವಣ ಸೇರಿಸಿ, ತಾಸುಗಟ್ಟಲೆ ಕುದಿಸಿ, ಮಂಜುಗಡ್ಡೆಯಲ್ಲಿಟ್ಟು ತಣಿಸಿದರೆ ಹಾಲಿನಂಥ ಬಿಳಿ ಹರಳು ಇಳಿಯುತ್ತದೆ, ಇಳುವರಿ ಎಂಬತ್ತೆರಡು ಪರ್ಸೆಂಟ್ ಎಂದು ಅದರಲ್ಲಿ ಅಚ್ಚಾಗಿತ್ತು. ವಿಭಾಗದಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಅದನ್ನು ಮತ್ತೆ ಮಾಡಿ ಹೆಡ್ ಸಾರ್ ಕೀರ್ತಿಯನ್ನು ಹೊಸದು ಮಾಡಬೇಕು. ಆ ವರ್ಷದ ಸರದಿ ಮೇಡಂದು.

ಮೊದಲ ಸಲ ಮಾಡಿದಾಗ ಹಳದಿ ಬಂತು. ಇಳುವರಿ ಅರ್ಧಕ್ಕೂ ಕಡಿಮೆ. ಕೈ ಚೊಕ್ಕವಿಲ್ಲವೇನೋ ಎಂದು ಮತ್ತೆ ಮಾಡಿದಳು, ಮತ್ತೆ ಹಳದಿ. ಇದ್ದಿಲ ಪುಡಿ ಹಾಕಿ ಕುದಿಸಿ ಸೋಸಿದರೂ ಹಳದಿ ಹೋಗಲಿಲ್ಲ. ಕಸ ಬಂತಲ್ಲಾ ಎಂದು ಅಳುಮೋರೆ ಮಾಡಿಕೊಂಡು ಹೆಡ್ ಸಾರ್ ಮುಂದೆ ನಿಂತಳು.

‘ಪ್ರಬಂಧದಲ್ಲಿ ಎಷ್ಟಿದೆ?’ ಎಂದು ಅವರು ಕೇಳಿದರು.

‘ಎಂಬತ್ತೆರಡು ಸಾರ್.’

‘ಮತ್ತೆ? ಎಂಬತ್ತೆರಡು ಅಂತ ಬರಿ.’

ಬರೆದಳು. ಆ ವಿಭಾಗದಲ್ಲಿ ಉತ್ತರವಲ್ಲದ್ದೆಲ್ಲ ಕೊಳಕು, ಕೊಳಕೆಲ್ಲ ಸಿಂಕಿಗೆ. ಹಳದಿಯನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟಳು. ಪರೀಕ್ಷಕರಿಗೆ ತೋರಿಸಲು ಅಟೆಂಡರ್ ಒಂದು ಬಿಳಿ ಪುಡಿಯ ಶೀಶೆ ತಂದುಕೊಟ್ಟ. ವರ್ಷಾ ವರ್ಷಾ ಮೇಲಿನ ಚೀಟಿ ಮಾತ್ರ ಬದಲಾಗುವ, ಒಳಗೆ ಏನಿದೆ ಎಂದು ದೇವರಿಗೂ ಗೊತ್ತಿಲ್ಲದ ಶೀಶೆ ಅದು. ಬೇರೆ ಊರಿನಿಂದ ಬಂದ ಪರೀಕ್ಷಕರು ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ, ‘ಬಹಳ ಚೆನ್ನಾಗಿ ಬಂದಿದೆ’ ಎಂದು ಪೂರ್ತಿ ಅಂಕ ಕೊಟ್ಟರು. ಪದಕ ಬಂದದ್ದು ಆ ಅಂಕಗಳಿಂದ. ಇದನ್ನು ಅವಳು ಬೀರುವಿನ ಬಾಗಿಲಿನ ವ್ಯವಹಾರದ ಜೊತೆ ಎಂದೂ ಸೇರಿಸಿರಲಿಲ್ಲ. ಅದು ದಡ್ಡರು ಮಾಡುವ ಮೋಸ, ಇದು ಗುರುಗಳು ಹೇಳಿದ ಶಿಷ್ಟಾಚಾರ ಎಂದು ತನಗೆ ತಾನೇ ಒಪ್ಪಿಸಿಕೊಂಡಿದ್ದಳು. ಇಂಥ ಕಡೆ ಉಟ್ಟು ಹಳೆಯದಾದ ಸೀರೆಯಷ್ಟೇ ಸಲೀಸಾಗಿ ಮನಸ್ಸೂ ಬೇಕೆಂದ ಕಡೆ ಮಡಿಕೆ ಬೀಳುತ್ತದೆ.

ಮೂರನೆಯ ವರ್ಷ ಒಂದು ವಿಶ್ವವಿದ್ಯಾಲಯ ಅವಳನ್ನು ವೀಡಿಯೋ ಸಂದರ್ಶನಕ್ಕೆ ಕರೆಯಿತು. ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕ ಹಿಂದೆ ಕಾಣಲೆಂದು ಹೊಸ ಪರದೆ ಕಟ್ಟಿದಳು. ಅಮ್ಮ ಟೀವಿ ಆರಿಸಿ, ಪಕ್ಕದ ಮನೆಯವರಿಗೂ ಮಿಕ್ಸಿ ಹಾಕಬೇಡಿ ಎಂದು ಹೇಳಿಬಂದಳು. ಭಾವ ಅಂಗಡಿ ಬೇಗ ಮುಚ್ಚಿ ಬಂದು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂತ.

ಸಂಜೆ ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ್ದು ಒಬ್ಬ ನಡುವಯಸ್ಸಿನ ಹೆಂಗಸು. ಗಿಡ್ಡ ಮಾಡಿದ ನರೆಗೂದಲು, ಮೊಣಕೈಯ ಹತ್ತಿರ ಸವೆದ ಸ್ವೆಟರು, ಹಿಂದೆ ಅರ್ಧ ಒರೆಸಿದ ಬೋರ್ಡು. ಇವಳೇ ಪ್ರೊಫೆಸರೋ, ಪ್ರೊಫೆಸರ್ ಮನೆಯ ಕೆಲಸದವಳೋ ಎಂದು ಮೇಡಂ ಮನಸ್ಸಿನಲ್ಲೇ ಮೂಗು ಮುರಿದಳು. ನಮ್ಮ ಹೆಡ್ ಸಾರ್ ಆದರೂ ಕೋಟು ಹಾಕುತ್ತಾರೆ.

ಪ್ರೊಫೆಸರ್ ಪದಕದ ಸುದ್ದಿ ಎತ್ತಲಿಲ್ಲ. ಅಜ್ಜ ಇದ್ದಾರೋ ಇಲ್ಲವೋ ಎಂದೂ ಕೇಳಲಿಲ್ಲ. ನೇರವಾಗಿ ಪ್ರಾಜೆಕ್ಟಿಗೆ ಬಂದರು.

‘ನಿಮ್ಮ ಪ್ರಾಜೆಕ್ಟ್ ನೋಡಿಯೇ ನಿಮ್ಮನ್ನ ಕರೆದದ್ದು. ಅದೇ ವಸ್ತು ನಮ್ಮ ಲ್ಯಾಬಲ್ಲಿ ಮಾಡ್ತಿದ್ದೀವಿ. ನಮಗೆ ಬಿಳಿ ಬರಲ್ಲ. ಹಳದಿ ಬರುತ್ತೆ, ಇಳುವರಿನೂ ಅರ್ಧ ದಾಟಲ್ಲ. ನನ್ನ ವಿದ್ಯಾರ್ಥಿ ಒಬ್ಬ ವರ್ಷದಿಂದ ಅದರ ಹಿಂದೆ ಬಿದ್ದಿದ್ದಾನೆ. ನಿಮಗೆ ಎಂಬತ್ತೆರಡು ಹೇಗೆ ಬಂತು?’

ಮೇಡಂ ಬಾಗಿಲ ಕಡೆ ಕಣ್ಣು ಹಾಯಿಸಿದಳು. ಅಡುಗೆಮನೆಯಲ್ಲಿ ಭಾವ ಕೂತಿದ್ದ, ಬಾಗಿಲ ಸಂದಿಯಲ್ಲಿ ಅಮ್ಮ ನಿಂತಿದ್ದಳು.

‘ಪಾತ್ರೆ ಪೂರ್ತಿ ಒಣಗಿರಬೇಕು’ ಎಂದಳು. ‘ಮತ್ತೆ, ಮಾಡೋರ ಕೈ ಚೊಕ್ಕ ಇರಬೇಕು.’

ಪ್ರೊಫೆಸರ್ ತಲೆ ತಗ್ಗಿಸಿ ಅದನ್ನು ಗುರುತು ಹಾಕಿಕೊಂಡರು. ‘ನಿಮಗೆ ಹಳದಿ ಒಂದು ಸಲವೂ ಬರಲಿಲ್ವಾ?’

‘ಇಲ್ಲ.’

‘ಹಾಗಿದ್ರೆ ನೀವು ಏನೇನು ಮಾಡಿದ್ರಿ ಅನ್ನೋದನ್ನ ವಿವರವಾಗಿ ಬರೆದು ಕಳಿಸಿ. ಅದು ಇಲ್ಲಿ ಕೆಲಸ ಮಾಡಿದ್ರೆ ನಿಮ್ಮನ್ನ ತಗೊಳ್ಳೋಕೆ ಸಮಿತಿ ಮುಂದೆ ನಾನೇ ಮಾತಾಡ್ತೀನಿ.’

ಪರದೆ ಕಪ್ಪಾಗುತ್ತಲೂ ಮನೆ ಗೆದ್ದ ಮನೆಯಾಯಿತು. ಅಮ್ಮ ಫೋನು ಹಿಡಿದು ಚಿಕ್ಕಪ್ಪನ ಮನೆಗೆ, ಅತ್ತೆಯ ಮನೆಗೆ ಸುದ್ದಿ ಮುಟ್ಟಿಸಿದಳು. ಭಾವ, ‘ಕೈ ಚೊಕ್ಕ ಇರಬೇಕು ಅಂತ ಆ ಪ್ರೊಫೆಸರಿಗೇ ಪಾಠ ಹೇಳಿಬಿಟ್ಟೆಯಲ್ಲಮ್ಮಾ’ ಎಂದು ಬೆನ್ನು ತಟ್ಟಿದ. ಮೇಡಂ ತಲೆನೋವೆಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಾಲೇಜಿಗೆ ರಜೆ ಶುರುವಾಗಿತ್ತು. ರಜೆಯಲ್ಲೂ ಬಂದ ಶನಿಯೇ ಎಂಬ ಮುಖ ಮಾಡಿಕೊಂಡು ಅಟೆಂಡರ್ ಲ್ಯಾಬಿನ ಬೀಗ ತೆಗೆದುಕೊಟ್ಟ. ಮೇಡಂ ಪಾತ್ರೆಗಳನ್ನು ಓವನ್ನಿನಲ್ಲಿಟ್ಟು ಒಣಗಿಸಿದಳು. ದ್ರಾವಕವನ್ನು ಬಟ್ಟಿ ಇಳಿಸಿದಳು. ಕೂದಲು ಬಿಗಿದು ಕಟ್ಟಿ, ಗಡಿಯಾರ ಮುಂದಿಟ್ಟುಕೊಂಡು, ಪ್ರಬಂಧದ ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಮಾಡಿದಳು. ಮಂಜುಗಡ್ಡೆಯಲ್ಲಿ ತಣಿಯುತ್ತಿದ್ದ ಫ್ಲಾಸ್ಕಿನ ತಳದಲ್ಲಿ ಮೆಲ್ಲಗೆ ಹರಳು ಕಟ್ಟತೊಡಗಿತು. ಹಳದಿ. ಮರುದಿನ ಮತ್ತೆ ಮಾಡಿದಳು. ಈ ಸಲ ಹರಳುಗಳು ಇನ್ನೂ ದೊಡ್ಡದಾಗಿ, ಇನ್ನೂ ಹೊಳಪಾಗಿ, ಅವಳನ್ನೇ ಅಣಕಿಸುವಂತೆ ಹಳದಿಯಾಗಿ ಇಳಿದವು. ಅವಳು ಹಲ್ಲು ಕಚ್ಚಿ ಅಷ್ಟನ್ನೂ ಸಿಂಕಿಗೆ ಸುರಿದು, ನಲ್ಲಿ ಬಿಟ್ಟು, ಫ್ಲಾಸ್ಕು ತಿಕ್ಕಿ ತೊಳೆದು ಕವುಚಿಟ್ಟಳು. ಆಮೇಲೆ ಕೈ ಒರೆಸಿಕೊಳ್ಳುತ್ತಲೇ ಹೆಡ್ ಸಾರ್ ಕೋಣೆಗೆ ನುಗ್ಗಿದಳು.

ಅವರು ರಜೆಯಲ್ಲೂ ಬರುತ್ತಿದ್ದರು. ಮನೆಯಲ್ಲಿ ಅವರ ಮಾತು ಕೇಳುವವರಿರಲಿಲ್ಲ.

‘ಸಾರ್, ನಿಜ ಹೇಳಿ. ನಿಮಗೆ ಯಾವತ್ತಾದ್ರೂ ಅದು ಬಿಳಿ ಬಂದಿತ್ತಾ?’

ಹೆಡ್ ಸಾರ್ ಪೇಪರಿನಿಂದ ತಲೆಯೆತ್ತಿ ಅವಳ ಮುಖ ನೋಡಿದರು. ನಾಚಿಕೆಯಾಗಲಿ ಸಿಟ್ಟಾಗಲಿ ಆ ಮುಖದಲ್ಲಿ ಕಾಣಲಿಲ್ಲ.

‘ಇಲ್ಲ’ ಎಂದರು. ‘ನಮ್ಮ ಗೈಡು ಬಿಳಿ ಅಂತ ಬರಿ ಅಂದ್ರು, ಬರ್ದೆ. ಅವರಿಗೆ ಯಾರು ಹೇಳಿದ್ರೋ ಗೊತ್ತಿಲ್ಲ.’

‘ಮತ್ತೆ ನನ್ನ ಕೈಲಿ ಸುಳ್ಳು ಬರೆಸಿದ್ರಲ್ಲ ಸಾರ್?’

‘ನಾನೆಲ್ಲಿ ಬರೆಸ್ದೆ? ಬರಿ ಅಂದೆ. ಬರೆದವಳು ನೀನು. ಪದಕ ಹಾಕಿಸಿಕೊಳ್ಳುವಾಗ ಈ ಪ್ರಶ್ನೆ ಬಂದಿರ್ಲಿಲ್ಲ ನಿನಗೆ.’ ಅವರು ಪೇಪರಿನ ಪುಟ ತಿರುಗಿಸಿದರು. ‘ಈಗ ಏನಾಯ್ತು ಅಂತ ಇಷ್ಟು ಕೂಗಾಡ್ತೀಯ? ಏನಾದ್ರೂ ನಾಲ್ಕು ಸಾಲು ಸೇರಿಸಿ ಕಳಿಸು. ಅವರಿಗೆ ಬರದಿದ್ರೆ ಅವರ ಕೈ ಸರಿ ಇಲ್ಲ ಅಂತ ಆಗುತ್ತೆ.’

ಇಷ್ಟು ಹೊತ್ತಿಗೆ ಮೇಡಂ ಮೈಯಲ್ಲಿ ಹೊಸ ಆವೇಶವೇ ಬಂದಿತ್ತು. ಈ ಹೊಲಸು ಗುಂಪಿನಿಂದ ಕೈ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರದು ಎನಿಸಿತು. ಸ್ಟಾಫ್ ರೂಮಿನಲ್ಲಿ ಕೂತು ಪ್ರೊಫೆಸರಿಗೆ ಉದ್ದನೆಯ ಮೇಲ್ ಬರೆದಳು. ನಿಜವಾಗಿ ಬಂದದ್ದು ಹಳದಿಯೇ ಎಂದಳು. ಅದನ್ನು ಬಿಳಿ ಎಂದು ಬರೆಯುವಂತೆ ಮಾಡಿದ ಹೆಡ್ಡಿನ ಬಗ್ಗೆ ಒಂದು ಪುಟ, ಬೀರುವಿನ ಬಾಗಿಲಿನ ಬಗ್ಗೆ ಅರ್ಧ ಪುಟ, ಕಣ್ಣು ಮುಚ್ಚಿ ಅಂಕ ಕೊಟ್ಟ ಪರೀಕ್ಷಕರ ಬಗ್ಗೆ ಒಂದಿಷ್ಟು, ಅಟೆಂಡರನ ಶೀಶೆಯ ಬಗ್ಗೆ ಇನ್ನಷ್ಟು. ಇಂಥ ಕೆಸರಿನಲ್ಲಿದ್ದೂ ಸತ್ಯ ಹೇಳುವ ಧೈರ್ಯ ತನಗೊಬ್ಬಳಿಗೇ ಇದೆ ಎಂಬುದನ್ನು ಗಮನಿಸಬೇಕು ಎಂದೂ ಸೇರಿಸಿದಳು. ರಜೆಯಲ್ಲೂ ಲ್ಯಾಬಿಗೆ ಬಂದು ಎರಡು ಸಲ ಮಾಡಿದೆ, ಎರಡು ಸಲವೂ ಹಳದಿಯೇ ಬಂತು, ಎಸೆದೆ ಎಂದು ಮುಗಿಸಿದಳು. ಕಳಿಸಿದ ಮೇಲೆ ಎದೆ ಹಗುರವಾಗಿ, ರಜೆಯಲ್ಲೂ ತೆರೆದಿದ್ದ ಕ್ಯಾಂಟೀನಿಗೆ ಹೋಗಿ ಟೀ ಕುಡಿದಳು. ಪ್ರಾಮಾಣಿಕರ ಮುಖ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತಿರಲೆಂದೋ ಏನೋ, ಅಲ್ಲಿದ್ದವರನ್ನೆಲ್ಲ ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು.

ಮರುದಿನ ಮಧ್ಯಾಹ್ನ ಉತ್ತರ ಬಂತು. ಅವಳು ಬರೆದದ್ದರ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ ಅದು.

‘ನಿಜ ಹೇಳಿದ್ದಕ್ಕೆ ಧನ್ಯವಾದ. ನಿಮ್ಮ ಮುಖ್ಯಸ್ಥರು ಏನು ಹೇಳಿದರು ಎಂಬುದರಿಂದ ನನಗೆ ಆಗಬೇಕಾದ್ದೇನೂ ಇಲ್ಲ. ಬಿಳಿ ನಿಮಗೂ ಬಂದಿಲ್ಲವೆಂದ ಮೇಲೆ ನಮಗೆ ಬೇಕಾದದ್ದು ಬಿಳಿಯಲ್ಲ, ಹಳದಿಯೇ. ಅದು ಏನೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ನಿಮ್ಮ ಕೈಯಲ್ಲಿ ಅದು ಅಷ್ಟು ಸಲ ಬಂದಿದೆ. ಸಮಿತಿಗೆ ಹೋಗುವ ಮುಂಚೆ ಒಂದೇ ಒಂದು ವಿಷಯ ತಿಳಿಯಬೇಕು. ಇದೇನಿರಬಹುದು, ನೋಡೋಣ ಎಂದು ನಿಮಗೆ ಒಮ್ಮೆಯಾದರೂ ಅನಿಸಿತೇ?’

ಮೇಡಂ ಅದನ್ನು ಓದಿ, ಎದ್ದು ಲ್ಯಾಬಿಗೆ ಹೋದಳು. ಸಿಂಕು ಒಣಗಿತ್ತು. ಹರಳು ಎಷ್ಟು ಬಿಸಿಗೆ ಕರಗುತ್ತದೆಂದು ನೋಡುವ ಯಂತ್ರ ಅವಳು ನಿನ್ನೆ ನಿಂತಿದ್ದ ಬೆಂಚಿನ ಮೇಲೆಯೇ, ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಚಿಟಿಕೆಯಷ್ಟು ಹಾಕಿ ಕಣ್ಣಿಟ್ಟಿದ್ದರೆ ಸಾಕಿತ್ತು. ಬೇಡವೆಂದು ಅವಳನ್ನು ಯಾರೂ ತಡೆದಿರಲಿಲ್ಲ. ರಜೆಯಲ್ಲಿ ಹೆಡ್ ಸಾರ್ ಈ ಕಡೆ ಹಾಯುತ್ತಲೂ ಇರಲಿಲ್ಲ.

ಮತ್ತೆ ಬಂದು ಕೂತು ‘ಅನಿಸಿತ್ತು’ ಎಂದು ಬರೆದಳು. ಮುಂದೆ ಒಂದು ಪದವೂ ಹೊರಡಲಿಲ್ಲ. ಏನಿರಬಹುದು ಎಂದು ಅನಿಸಿದವರು ಅದರ ಬಗ್ಗೆ ಏನನ್ನಾದರೂ ಬರೆಯಲೇಬೇಕಲ್ಲ, ಇವಳಿಗೆ ಅದರ ಬಣ್ಣ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ವಾಸನೆ ಇತ್ತೋ ಇಲ್ಲವೋ, ನೆನಪಾಗಲಿಲ್ಲ. ಹರಳುಗಳು ಸೂಜಿಯಂತಿದ್ದವೋ ಹಲಗೆಯಂತಿದ್ದವೋ, ಅದೂ ನೆನಪಾಗಲಿಲ್ಲ. ಅಷ್ಟು ಸಲ ಕಣ್ಣಿನ ಮುಂದೆ ಬಂದಿದ್ದರೂ ಪ್ರತಿ ಸಲ ಅವಳಿಗೆ ಕಂಡದ್ದು ಅದು ಬಿಳಿಯಲ್ಲ ಎಂಬುದೊಂದೇ.

ಆ ಪದ ಅಳಿಸಿದಳು. ಆ ಜಾಗದಲ್ಲಿ ‘ಅನಿಸಲಿಲ್ಲ’ ಎಂದು ಬರೆದಳು. ಅದರ ಕೆಳಗೆ ಕಾರಣ ಬರೆಯೋಣವೆಂದು ಹೆಡ್ ಸಾರ್, ಪರೀಕ್ಷಕರು, ಅಟೆಂಡರ್, ಸ್ಟಾಫ್ ರೂಮಿನಲ್ಲಿ ಮಲಗುವ ಹಿರಿಯ ಉಪನ್ಯಾಸಕ, ಒಬ್ಬೊಬ್ಬರನ್ನೇ ಮನಸ್ಸಿಗೆ ತಂದುಕೊಂಡು ನೋಡಿದಳು. ಇದೊಂದಕ್ಕೆ ದೂರಲು ಯಾರೂ ಸಿಗಲಿಲ್ಲ. ಆ ಒಂದು ಪದವನ್ನು ಹಾಗೆಯೇ ಕಳಿಸಿದಳು.